ಖಾಲಿ ಪಟ್ಟಿಯ ದಿನ

"ಮುಟ್ಟಬೇಡಿ!"

ಅವಳು ಕೂಗಿದ ರಭಸಕ್ಕೆ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಗಿರಾಕಿಯ ಪ್ಯಾಂಟಿನ ಮೇಲೇ ಬಿಟ್ಟು ತಿರುಗಿ ನೋಡಿದಳು.

ಲ್ಯಾಪ್‌ಟಾಪಿನ ಮುಂದೆ ಕೂತಿದ್ದವನು ಪೊಲೀಸರ ಕೈಗೆ ಸಿಕ್ಕವನ ಹಾಗೆ ಎರಡೂ ಕೈ ಮೇಲೆತ್ತಿದ್ದ. ಉದ್ದ ಮುಖ, ಬಾಚದ ಕೂದಲು, ಅಂಗಿಯ ಗುಂಡಿಗಳು ಒಂದೊಂದು ಬಣ್ಣ.

"ಬರೀ ತೆರೆದು ನೋಡ್ತಿದ್ದೆ ಮೇಡಂ..."

"ನೋಡೋಕೆ ಕಣ್ಣು ಸಾಕು. ಬೆರಳು ಬೇಡ!"

"ಏನೇ ಇದು? ನಾನೇ ಕರೆಸಿರೋದು ಕಣೇ ಅವರನ್ನ. ಕೋಡಿಂಗ್ ಮಾಡೋರು," ಎಂದಳು ಚಿಕ್ಕಮ್ಮ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. "ಅಯ್ಯೋ, ಪ್ಯಾಂಟು!"

ಅವನು ಕೈ ಇಳಿಸದೆಯೇ ಕೇಳಿದ. "ಇದನ್ನ ಕಟ್ಟಿದ್ದು ಯಾರು?"

 ಪರದೆಯ ಮೂಲೆಯಲ್ಲಿ ಒಂದು ಪುಟ್ಟ ದುಂಡು ಫೋಟೋ ಇತ್ತು. ಕತ್ತರಿಯನ್ನು ಮೀಸೆಯ ಹಾಗೆ ಹಿಡಿದು ನಗುತ್ತಿರುವ ಹೆಂಗಸು. ಕೆಳಗೆ ಎರಡೇ ಅಕ್ಷರ: ಅಕ್ಕ.

ಎರಡು ವರ್ಷದಿಂದ ಅವಳು ಆ ಪುಟವನ್ನು ತೆರೆದೇ ಇರಲಿಲ್ಲ...

ಅದು ಹರಿದ ಬಟ್ಟೆಗಳ ಅಂಗಡಿ. ಹೊಸದನ್ನು ಹೊಲಿಯುವುದಿಲ್ಲ. ಹರಿದಲ್ಲಿ ರಫು, ಜಿಪ್ಪು, ಗುಂಡಿಗೆ ಕಾಜಾ, ಸಡಿಲಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಇಷ್ಟೇ. ಗೋಡೆ ತುಂಬ ದಾರದ ಉರುಳೆಗಳು, ನಂಬರ್ ಚೀಟಿ ಚುಚ್ಚಿಸಿಕೊಂಡು ತೂಗುವ ಬಟ್ಟೆಗಳು, ಅಂಚು ಹೊಲಿಯುವ ಒಂದು ಓವರ್‌ಲಾಕ್, ಎರಡು ಹೊಲಿಗೆ ಯಂತ್ರ. ಎರಡರಲ್ಲಿ ಒಂದಕ್ಕೆ ಎರಡು ವರ್ಷದಿಂದ ಹೊದಿಕೆ. ಅದು ಅಕ್ಕನದು.

ಎಂಟು ದಿನದ ಜ್ವರದಲ್ಲಿ ಅಕ್ಕ ಹೋದಳು. ಹೋದಳು ಎನ್ನುವುದಾದರೂ ಹೇಗೆ?

ಅಕ್ಕ ಕಂಪ್ಯೂಟರ್ ಓದಿದವಳಲ್ಲ. ಆದರೆ ಒಂದು ನೋ-ಕೋಡ್ ಟೂಲ್ ಹಿಡಿದು, ಒಂದು ಸಾಲೂ ಕೋಡ್ ಬರೆಯದೆ, ಪರದೆಯ ಮೇಲೆ ಡಬ್ಬಿಗಳನ್ನು ಎಳೆದೆಳೆದು ಕೂರಿಸಿ, ಅವನ್ನು ಗೆರೆಗಳಿಂದ ಜೋಡಿಸಿ ಅಂಗಡಿಗೊಂದು ಆನ್‌ಲೈನ್ ಪುಟ ಕಟ್ಟಿದ್ದಳು. ಗಿರಾಕಿ ಹರಿದ ಬಟ್ಟೆಯ ಫೋಟೋ ಹಾಕಿದರೆ ಒಂದು ಡಬ್ಬಿ ನಂಬರ್ ಕೊಡುತ್ತಿತ್ತು, ಇನ್ನೊಂದು ಡಬ್ಬಿ ಬಟ್ಟೆ ಸಿಗುವ ದಿನ ಹೇಳುತ್ತಿತ್ತು, ಮತ್ತೊಂದು ಡಬ್ಬಿ ಕೆಲಸ ಮುಗಿದಾಗ ಸಂದೇಶ ಕಳಿಸುತ್ತಿತ್ತು. ಎಲ್ಲವೂ ಅಕ್ಕನ ಬಾಯಲ್ಲೇ!

'ನಿಮ್ಮ ಪ್ಯಾಂಟು ರೆಡಿ. ಈ ಸಲ ಕೂತ್ಕೋವಾಗ ಅದರ ಮೇಲೆ ಸ್ವಲ್ಪ ದಯೆ ಇರಲಿ.'

ಗಿರಾಕಿಗಳು ನಕ್ಕು ನಕ್ಕು ಹೊಸ ಪ್ಯಾಂಟನ್ನೂ ಹರಿದುಕೊಂಡು ಬರುತ್ತಿದ್ದರು ಎಂದು ಚಿಕ್ಕಮ್ಮ ಹೇಳುತ್ತಾಳೆ. ಅದು ಸ್ವಲ್ಪ ಅತಿಯಾಯಿತು, ಇರಲಿ.

ಪ್ರತಿದಿನ ಬೆಳಗ್ಗೆ ಏಳಕ್ಕೆ ತಂಗಿಯ ಫೋನಿಗೂ ಒಂದು ಸಂದೇಶ ಬರುತ್ತಿತ್ತು.

'ಏಳೇ ಬಾಬಿನ್! ಇವತ್ತು ಒಂಬತ್ತು ಬಟ್ಟೆ. ಹಾಸಿಗೆಗೆ ಏನು ಅಂಟು ಹಚ್ಚಿದ್ದೀಯಾ?'

ಬಾಬಿನ್ ಎಂದರೆ ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಸುತ್ತುವ ಪುಟ್ಟ ಉರುಳೆ. ಅಕ್ಕ ಇಟ್ಟ ಹೆಸರು. ಈಗ ಇಡೀ ಬೀದಿಗೆ ಅವಳು ಬಾಬಿನ್.

ಅಕ್ಕನನ್ನು ಕಳಿಸಿಕೊಟ್ಟ ಮಾರನೆಯ ಬೆಳಗ್ಗೆಯೂ ಏಳಕ್ಕೆ ಸಂದೇಶ ಬಂದಿತ್ತು. 'ಏಳೇ ಬಾಬಿನ್! ಇವತ್ತು ಹನ್ನೊಂದು ಬಟ್ಟೆ.' ಅವಳು ಚೀರಿ ಫೋನನ್ನು ಗೋಡೆಗೆ ಎಸೆದಿದ್ದಳು. ಮೂರನೆಯ ದಿನ ಕಾದಳು. ಹತ್ತನೆಯ ದಿನ, ಏಳಕ್ಕೆ ಐದು ನಿಮಿಷ ಇರುವಾಗಲೇ ಎದ್ದು ಕೂತಿದ್ದಳು.

ಈಗ ಆ ಟೂಲಿನ ಕಂಪನಿಯೇ ಬಾಗಿಲು ಮುಚ್ಚುತ್ತಿದೆ. ಮೂವತ್ತು ದಿನದ ನೋಟೀಸು. ಅದರಲ್ಲಿ ಐದು ದಿನ ಬಾಬಿನ್ ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಉಳಿದದ್ದು ಇಪ್ಪತ್ತೈದು.

"ಗಿರಾಕಿಗಳ ಪಟ್ಟಿ, ಆರ್ಡರ್ ಪಟ್ಟಿ, ಅವನ್ನೆಲ್ಲ ಇಳಿಸ್ಕೋಬಹುದು," ಎಂದ ಅವನು. ಚಿಕ್ಕಮ್ಮ ಆಗಲೇ ಅವನಿಗೆ ಕೋಡಪ್ಪ ಎಂದು ಹೆಸರಿಟ್ಟಾಗಿತ್ತು. "ಆದರೆ ಈ ಡಬ್ಬಿಗಳು ಬರಲ್ಲ. ಸಂದೇಶಗಳು ಇರೋದು ಡಬ್ಬಿಗಳ ಒಳಗೆ."

"ಅಂದ್ರೆ?"

"ಮನೆ ಸಾಮಾನು ತಗೊಂಡು ಹೋಗಬಹುದು. ಗೋಡೆ ತಗೊಂಡು ಹೋಗೋಕಾಗಲ್ಲ."

ಅಕ್ಕ ಬರೆದದ್ದು ಗೋಡೆಯ ಮೇಲೆ...

"ಈಗ ಎರಡು ದಾರಿ," ಎಂದ ಕೋಡಪ್ಪ. "ಇದೇ ಥರದ ಇನ್ನೊಂದು ನೋ-ಕೋಡ್ ಟೂಲಿಗೆ ಹೋಗೋದು. ಬಾಡಿಗೆ ಮನೆ ಇದ್ದ ಹಾಗೆ. ಬೇಗ ಹೋಗಿ ಕೂರಬಹುದು, ನೀವೇ ಮೊಳೆ ಹೊಡ್ಕೋಬಹುದು. ಮಾಲೀಕರು ಖಾಲಿ ಮಾಡಿ ಅಂದ ದಿನ ಖಾಲಿ ಮಾಡ್ಬೇಕು. ಇಲ್ಲಾಂದ್ರೆ ಕೋಡ್ ಬರೆಸೋದು. ಅದು ಸ್ವಂತ ಮನೆ. ಹೇಗೆ ಬೇಕಾದರೂ ಕಟ್ಟಬಹುದು. ಸೋರಿದ್ರೆ ಮಾತ್ರ ನನ್ನಂಥವನನ್ನೇ ಕರೀಬೇಕು."

"ಅಂದ್ರೆ ಒಂದರಲ್ಲಿ ಮಾಲೀಕನ ಕಾಟ, ಇನ್ನೊಂದರಲ್ಲಿ ನಿನ್ನ ಕಾಟ," ಎಂದಳು ಚಿಕ್ಕಮ್ಮ.

"ಹೂಂ ಅಮ್ಮಾ. ಸರಿಯಾಗಿ ಹೇಳಿದ್ರಿ."

ಬಾಬಿನ್ ನಗಲಿಲ್ಲ.

ಎರಡನೆಯ ದಿನ ಅವನು ಡಬ್ಬಿಗಳನ್ನೆಲ್ಲ ಓದಿ ಮುಗಿಸಿದಾಗ ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಆ ಇನ್ನೊಂದು ಟೂಲಿನಲ್ಲಿ... ಅಕ್ಕನ ಮಾತುಗಳು ಹೀಗೇ ಕೂರುತ್ತಾವಾ? ಅದೇ ಹೊತ್ತಿಗೆ, ಅದೇ ಥರ?"

ಅವನು ಅವಳ ಮುಖ ನೋಡಿದ. ನೋಡುತ್ತಲೇ ಇದ್ದ.

"ಇಲ್ಲ," ಎಂದ. "ಅದಕ್ಕೆ ಕೋಡೇ ಬೇಕು."

"ಹಾಗಾದ್ರೆ ಕೋಡೇ ಬರೀರಿ."

ಅಂದಿನಿಂದ ಕೋಡಪ್ಪ ದಿನವೂ ಬರತೊಡಗಿದ. ಹತ್ತಕ್ಕೆ ಬಂದರೆ ದೀಪ ಹಚ್ಚುವ ಹೊತ್ತಿಗೆ ಹೋಗುವುದು. ಬಟ್ಟೆ ಕತ್ತರಿಸುವ ಮೇಜಿನ ಮೂಲೆ ಅವನ ಜಾಗ. ಅಕ್ಕನ ಲಾಗಿನ್‌ನಿಂದಲೇ ಒಳಗೆ ಹೋಗಬೇಕಿತ್ತು. ಹಾಗಾಗಿ ಪರದೆಯ ಮೇಲೆ ಅವನ ಬಾಣದ ಗುರುತು ಓಡಾಡುವಾಗ ಬಾಲದಲ್ಲಿ ಹೆಸರು ತೂಗುತ್ತಿತ್ತು: ಅಕ್ಕ.

ಮೊದಲ ಸಲ ಕಂಡಾಗ ಬಾಬಿನ್‌ಳ ಕೈಯ ರೋಮ ನಿಮಿರಿದವು. ಅಕ್ಕ ಒಂದು ಡಬ್ಬಿಯ ಮುಂದೆ ನಿಂತಳು... ಯೋಚಿಸಿದಳು... ಇನ್ನೊಂದಕ್ಕೆ ಹೋದಳು...

"ಆ ಹೆಸರು ತೆಗೀರಿ."

"ತೆಗೆಯೋಕಾಗಲ್ಲ ಮೇಡಂ. ಕ್ಷಮಿಸಿ."

ನಾಲ್ಕನೆಯ ದಿನ ಅವಳು ತನ್ನ ಸ್ಟೂಲನ್ನು ಪರದೆ ಕಾಣುವ ಹಾಗೆ ತಿರುಗಿಸಿಕೊಂಡಳು. ಅವನು ಗಮನಿಸಿದರೂ ಗಮನಿಸದವನ ಹಾಗೆ ಇದ್ದ. ಅವಳು ನೋಡುತ್ತಿದ್ದಾಳೆಂದು ಗೊತ್ತಾದಾಗಲೆಲ್ಲ ಬಾಣವನ್ನು ಸ್ವಲ್ಪ ನಿಧಾನ ಓಡಿಸುತ್ತಿದ್ದ.

ಒಂದೊಂದು ಡಬ್ಬಿಯ ಬಗ್ಗೆಯೂ ಅವನಿಗೆ ಪ್ರಶ್ನೆ. "ಈ ಡಬ್ಬಿಗೆ 'ಗೊಣಗು ತಾತ' ಅಂತ ಹೆಸರಿದೆಯಲ್ಲ, ಯಾಕೆ?"

"ಅದು ಗೊಣಗೋ ಗಿರಾಕಿಗಳಿಗೆ. ಮೂರು ಸಲ ದೂರು ಕೊಟ್ರೆ ಆ ಕಡೆ ಹೋಗ್ತಾರೆ. ಅಲ್ಲಿ ಅಕ್ಕ ಬಹಳ ವಿನಯವಾಗಿ ಬೈತಾಳೆ."

ಅವನು ನಕ್ಕ. ಅವಳ ತುಟಿಯೂ ಸ್ವಲ್ಪ ಸಡಿಲವಾಯಿತು. ಎರಡು ವರ್ಷದಲ್ಲಿ ಯಾರೂ ಅವಳನ್ನು ಅಕ್ಕನ ಬಗ್ಗೆ ಇಷ್ಟು ಕೇಳಿರಲಿಲ್ಲ. ಬಂದವರೆಲ್ಲ ಮಾತು ಬದಲಾಯಿಸುತ್ತಿದ್ದರು, ಅವಳಿಗೆ ನೋವಾದೀತೆಂದು.

ಹದಿನೈದನೆಯ ದಿನ ಅವನು ತಡವಾಗಿ ಬಂದ. ಬಾಬಿನ್ ಒಂದೇ ಕಾಜಾವನ್ನು ಮೂರು ಸಲ ಬಿಚ್ಚಿ ಹೊಲಿದಳು.

'ನಾನು ಕಾಯ್ತಿರೋದು ಇವನಿಗಾ? ಅಥವಾ ಆ ಬಾಣಕ್ಕಾ?'

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದೇ ಅವಳನ್ನು ಹೆದರಿಸಿತು!

ಕೊನೆಯ ದಿನಕ್ಕೆ ಒಂದೇ ದಿನ ಉಳಿದಿದ್ದಾಗ, ಸಂಜೆ, ಕೋಡಪ್ಪ ಲ್ಯಾಪ್‌ಟಾಪ್ ಮುಚ್ಚಿ ಎದ್ದವನು ಹೋಗಲಿಲ್ಲ. ಚೀಲದ ಪಟ್ಟಿ ಎಳೆದ, ಬಿಟ್ಟ, ಮತ್ತೆ ಎಳೆದ.

"ನಾಳೆ ಸಂಜೆ ಆರಕ್ಕೆ ಹಳೇದು ನಿಲ್ಲುತ್ತೆ. ಇವತ್ತು ಆರ್ಡರ್ ಪಟ್ಟೀನ ಹೊಸ ಜಾಗಕ್ಕೆ ಸಾಗಿಸಿದ್ದೀನಿ. ನಾಳೆ ಡಬ್ಬಿಗಳೊಳಗಿನ ಮಾತುಗಳನ್ನ ನಕಲು ಮಾಡ್ಕೊಂಡ್ರೆ ಕೆಲಸ ಮುಗೀತು."

"ಸರಿ."

"ನಾಳೆ... ಸ್ವಲ್ಪ ಹೊತ್ತು ಹೊರಗೆ ಹೋಗೋಣ್ವಾ? ಸುಮ್ನೆ. ಕೆರೆ ಕಡೆ ನಡ್ಕೊಂಡು."

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ಅಂಗಡಿ ಯಾರು ನೋಡ್ಕೋತಾರೆ?"

"ಅಮ್ಮ ಇದ್ದಾರಲ್ಲ..."

"ಆಗಲ್ಲ. ನಾನು ಎರಡು ವರ್ಷದಿಂದ ಅಂಗಡಿ ಬಿಟ್ಟು ಎಲ್ಲೂ ಹೋಗಿಲ್ಲ."

ಅವನು ತಲೆಯಾಡಿಸಿ ಹೊರಟುಹೋದ. ಅವನು ತಿರುಗಿ ನೋಡಲಿ ಎಂದು ಅವಳು ಬಯಸಿದ್ದು ನಿಜ. ನೋಡಿದಾಗ ತಲೆ ತಗ್ಗಿಸಿದ್ದೂ ನಿಜ.

ಮಾರನೆಯ ಬೆಳಗ್ಗೆ ಏಳು.

'ಬಾಬಿನ್, ಇವತ್ತು ಒಂದೂ ಬಟ್ಟೆ ಇಲ್ಲ. ಹೊರಗೆ ಹೋಗು. ಯಾರ ಜೊತೆಯಾದರೂ ಹೋಗು. ಅಂಗಡಿ ನಾನು ನೋಡ್ಕೋತೀನಿ.'

ಅವಳು ಹಾಸಿಗೆಯ ಮೇಲೆ ಕಲ್ಲಾದಳು.

ಈ ಮಾತು ಯಾವತ್ತೂ ಬಂದಿರಲಿಲ್ಲ. ಅಕ್ಕನ ಬೈಗುಳಗಳೆಲ್ಲ ಅವಳಿಗೆ ಬಾಯಿಪಾಠ. ಇದು ಹೊಸದು. ಸತ್ತವರು ಹೊಸ ಮಾತು ಆಡುತ್ತಾರೆಯೇ?

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳು ನಂಬಿದಳು. "ಅಕ್ಕಾ?" ಎಂದು ಗಟ್ಟಿಯಾಗಿ ಕರೆದೂಬಿಟ್ಟಳು. ಕೆಳಗಿನ ಅಂಗಡಿಯಲ್ಲಿ ಏನೋ ಸರಿದ ಸದ್ದು. ಮೆಟ್ಟಿಲು ಹಾರಿ ಇಳಿದರೆ, ಚಿಕ್ಕಮ್ಮ ಕಿಟಕಿ ತೆರೆಯುತ್ತಿದ್ದಳು ಅಷ್ಟೆ.

ಆಮೇಲೆ ನೆನಪಾಯಿತು. ಹೊರಗೆ ಹೋಗೋಣ ಎಂದವನು ಯಾರು? ಅಂಗಡಿ ಯಾರು ನೋಡ್ಕೋತಾರೆ ಎಂದು ತಾನು ಕೇಳಿದ್ದು ಯಾರನ್ನು?

ಅಕ್ಕನ ಲಾಗಿನ್ ಇರುವುದು ಯಾರ ಹತ್ತಿರ?

ಹತ್ತು ಗಂಟೆಗೆ ಕೋಡಪ್ಪ ಹೊಸ್ತಿಲು ದಾಟುವ ಮೊದಲೇ ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು.

"ಇದು ನಿಮ್ಮ ಕೆಲಸ ತಾನೇ?"

ಅವನು ಓದಿದ. ಮುಖ ಬಿಳುಚಿತು. "ನಾನು... ಇದನ್ನ ನಾನು ಬರೆದಿಲ್ಲ."

"ಹಾಗಾದ್ರೆ ಯಾರು? ದೆವ್ವಾನಾ?"

"ನೋಡ್ಬೇಕು... ನನ್ನ ತಪ್ಪು ಇದೆ ಅನ್ಸುತ್ತೆ, ಆದರೆ ನೀವಂದ್ಕೊಂಡ ತಪ್ಪಲ್ಲ..."

"ನಾಚಿಕೆ ಆಗಲ್ವಾ?" ಅವಳ ಧ್ವನಿ ಒಡೆಯಿತು. "ನನ್ನನ್ನ ಕೇಳಿದ್ರಿ, ಆಗಲ್ಲ ಅಂದೆ. ಅಲ್ಲಿಗೆ ಮುಗೀತಲ್ಲ! ನನ್ನ ಅಕ್ಕನ ಬಾಯಿ ಯಾಕೆ ಬೇಕಿತ್ತು ನಿಮಗೆ? ಸತ್ತವಳನ್ನ ದಲ್ಲಾಳಿ ಮಾಡ್ಕೊಂಡ್ರಾ?"

"ದಯವಿಟ್ಟು ಒಂದು ನಿಮಿಷ..."

"ಹೋಗಿ! ಇನ್ನೊಂದು ಸಲ ಈ ಮೆಟ್ಟಿಲು ಹತ್ತಬೇಡಿ. ಫೋನೂ ಮಾಡಬೇಡಿ."

 ಅವನ ಕಣ್ಣಲ್ಲಿ ತಪ್ಪಿತಸ್ಥನ ಅಳುಕು ಇತ್ತು, ಅದನ್ನು ಅವಳು ನೋಡಿಯೇ ನೋಡಿದಳು. ಅವನು ಹೋದ. ಅವಳು ಫೋನಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಚಿಕ್ಕಮ್ಮ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ಅವಳ ಮಟ್ಟಿಗೆ ಅದೊಂದು ದಾಖಲೆ. ಕೊನೆಗೆ ಬಟ್ಟೆ ಮಡಚುತ್ತಾ ಕೇಳಿದಳು. "ನಿಂಗೆ ಸಿಟ್ಟು ಬಂದಿರೋದು ಅವನ ಮೇಲಾ, ಅವಳ ಮೇಲಾ?"

"ಅವಳ ಮೇಲೆ ಯಾಕೆ ಬರುತ್ತೆ?"

"ಬಿಟ್ಟುಹೋದಳಲ್ಲ, ಅದಕ್ಕೆ. ನಂಗಂತೂ ಬಂದಿದೆ. ದಿನಾ ಇಸ್ತ್ರಿ ಒತ್ತೋವಾಗ ಬೈಕೋತೀನಿ." ಮಡಚಿದ ಅಂಗಿಯ ಮೇಲೆ ಕೈ ಇಟ್ಟು ನಿಂತಳು. "ಅವನು ಬರೆದನೋ ಬಿಟ್ಟನೋ ಗೊತ್ತಿಲ್ಲ ಕಣೇ. ಆರು ಗಂಟೆಗೆ ಅದು ಮುಚ್ಚಿಹೋಗುತ್ತೆ. ಆಮೇಲೆ ತಿಳ್ಕೋಬೇಕು ಅಂದ್ರೂ ಆಗಲ್ಲ. ಹೋಗಿ ನೋಡು."

ನಾಲ್ಕು ವರ್ಷದ ಹಿಂದೆ ಅಕ್ಕ ಕಳಿಸಿದ್ದ ಆಹ್ವಾನ ಇನ್ನೂ ಮೇಲ್‌ನಲ್ಲೇ ಬಿದ್ದಿತ್ತು. 'ಬಾ, ನೀನೂ ಡಬ್ಬಿ ಎಳೆಯೋದು ಕಲಿ.' ಆಗ ಬಾಬಿನ್ 'ನಂಗ್ಯಾಕೆ, ನೀನಿದ್ದೀಯಲ್ಲ' ಎಂದಿದ್ದಳು.

ನಾಲ್ಕೂವರೆಗೆ ಅವಳು 'ಸೇರಿಕೊಳ್ಳಿ' ಒತ್ತಿದಳು.

ಪರದೆ ತುಂಬ ಡಬ್ಬಿಗಳು, ನೂರಾರು, ಜೇಡನ ಬಲೆಯ ಹಾಗೆ. ಮೇಲ್ಗಡೆ ಒಂದು ಸಾಲು:

'ಈಗ ಇಲ್ಲಿ ಇಬ್ಬರಿದ್ದಾರೆ: ನೀವು, ಅಕ್ಕ.'

 ಬಲೆಯ ಆ ತುದಿಯಲ್ಲಿ ಬಾಣವೊಂದು ಓಡಾಡುತ್ತಿತ್ತು. ಅಕ್ಕ ಒಂದು ಡಬ್ಬಿ ತೆರೆಯುತ್ತಾಳೆ, ಒಳಗಿನ ಸಾಲು ಆರಿಸುತ್ತಾಳೆ, ಮುಚ್ಚುತ್ತಾಳೆ. ಮುಂದಿನದಕ್ಕೆ ಹೋಗುತ್ತಾಳೆ. ಒಂದನ್ನೂ ಬಿಡುವುದಿಲ್ಲ.

ಅದು ಅವನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ತುಂಬಿತು. ಬೈಸಿಕೊಂಡು ಹೋದವನು ಎಲ್ಲೋ ಕೂತು, ಮುಳುಗುವ ಮನೆಯಿಂದ ಸಾಮಾನು ಹೊರಹಾಕುವವರ ಹಾಗೆ, ಅಕ್ಕನ ಮಾತುಗಳನ್ನು ಒಂದೊಂದಾಗಿ ನಕಲು ಮಾಡಿಕೊಳ್ಳುತ್ತಿದ್ದ.

ಅವಳು 'ಬೆಳಗ್ಗೆ ಏಳು' ಎಂಬ ಡಬ್ಬಿ ಹುಡುಕಿದಳು. ಅಲ್ಲಿಂದ ಗೆರೆಗಳು ಕವಲೊಡೆದಿದ್ದವು. ಬಟ್ಟೆ ಐದಕ್ಕಿಂತ ಕಡಿಮೆ ಇದ್ದರೆ ಈ ಕಡೆ, ಹತ್ತಕ್ಕಿಂತ ಹೆಚ್ಚಿದ್ದರೆ ಆ ಕಡೆ. ಕಟ್ಟಕಡೆಗೆ, ಎಲ್ಲಕ್ಕಿಂತ ಕೆಳಗೆ, ಒಂದು ತೆಳು ಗೆರೆ: 'ಪಟ್ಟಿ ಖಾಲಿ ಇದ್ದರೆ.'

ಪಟ್ಟಿ ಯಾವತ್ತೂ ಖಾಲಿಯಾಗಿರಲಿಲ್ಲ. ಮುಗಿಯದ ಬಟ್ಟೆ ಮರುದಿನಕ್ಕೆ ಸರಿಯುತ್ತದೆ. ಅಕ್ಕ ಹೋದ ವಾರದಲ್ಲೂ ಪಟ್ಟಿ ಬೆಳೆಯುತ್ತಲೇ ಇತ್ತು. ನಿನ್ನೆ ಕೋಡಪ್ಪ ಆರ್ಡರುಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದ, ಹಳೆಯ ಗಡಿಯಾರವನ್ನು ನಿಲ್ಲಿಸಲು ಮರೆತ. ಏಳಕ್ಕೆ ಎದ್ದ ಯಂತ್ರಕ್ಕೆ ಖಾಲಿ ಪಟ್ಟಿ ಕಂಡಿತು. ನಾಲ್ಕು ವರ್ಷ ಯಾರೂ ತುಳಿಯದ ದಾರಿಯಲ್ಲಿ ಅದು ಮೊದಲ ಸಲ ನಡೆಯಿತು.

ಅವಳು ಡಬ್ಬಿ ತೆರೆದಳು. ಬರೆದವರು: ಅಕ್ಕ. ಅದರಿಂದ ಏನೂ ತಿಳಿಯುವುದಿಲ್ಲ, ಅವನೂ ಅಲ್ಲಿ ಅಕ್ಕನೇ. ಕೆಳಗೆ ದಿನಾಂಕವಿತ್ತು.

ನಾಲ್ಕು ವರ್ಷ ಹಿಂದಿನದು.

ಪಕ್ಕದಲ್ಲಿ, ಕಟ್ಟುವವರು ತಮಗಾಗಿ ಬರೆದುಕೊಳ್ಳುವ ಹಳದಿ ಚೀಟಿ:

'ಈ ಸಂದೇಶ ಹೋದ ದಿನ ಅವಳಿಗೆ ಸಿಟ್ಟು ಬರುತ್ತೆ. ಬರಲಿ.'

ಬಾಬಿನ್ ಬಾಯಿಗೆ ಸೆರಗಿನ ಹಾಗೆ ಯಾರದೋ ಹರಿದ ಅಂಗಿಯನ್ನು ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಎರಡು ವರ್ಷದಲ್ಲಿ ಮೊದಲ ಸಲ...

ಕಣ್ಣೊರೆಸಿಕೊಂಡು ನೋಡಿದಾಗ ಇನ್ನೊಂದು ಬಾಣ ಅವಳದ್ದರ ಹತ್ತಿರವೇ ಬಂದು ನಿಂತಿತ್ತು. ಅಲುಗದೆ, ಸ್ವಲ್ಪ ದೂರದಲ್ಲಿ, ಬಾಗಿಲಾಚೆ ನಿಂತವರ ಹಾಗೆ. ಅಲ್ಲಿ ಹೊಸ ಹಳದಿ ಚೀಟಿಯೊಂದು ಮೂಡಿತು. ಅಕ್ಷರ ಅಕ್ಷರವಾಗಿ.

'ಇದು ನಾನು. ಅಕ್ಕ ಅಲ್ಲ. ಹೆದರಬೇಡಿ.'

ಅವಳು ಅದರ ಕೆಳಗೆ ಬರೆದಳು. 'ಗೊತ್ತು. ಬನ್ನಿ.'

ಐದೂಕಾಲಿಗೆ ಅವನು ಮೆಟ್ಟಿಲ ಕೆಳಗೇ ನಿಂತಿದ್ದ, ಏದುಸಿರು ಬಿಡುತ್ತಾ.

"ಹತ್ತಬಹುದಾ?"

"ಹತ್ತಿ."

"ಮೊದಲು ನಾನು ಒಂದು ಹೇಳ್ಬೇಕು. ಹೇಳಿದ ಮೇಲೆ ನೀವು ಮತ್ತೆ ಇಳಿಸಬಹುದು." ಅವನು ಮೆಟ್ಟಿಲು ಹತ್ತದೆ ಕೆಳಗೇ ನಿಂತ. "ಆ ಸಂದೇಶ ನಾನು ಬರೆದಿಲ್ಲ. ಆದರೆ ಸುಳ್ಳು ಹೇಳಿದ್ದೀನಿ. ನೀವು ಎರಡನೇ ದಿನ ಕೇಳಿದ್ರಲ್ಲ, ಬೇರೆ ಟೂಲಿನಲ್ಲಿ ಅಕ್ಕನ ಮಾತು ಕೂರುತ್ತಾ ಅಂತ. ಕೂರುತ್ತೆ. ಚೆನ್ನಾಗೇ ಕೂರುತ್ತೆ. ಈ ಅಂಗಡಿಗೆ ಕೋಡ್ ಬೇಕಾಗೇ ಇರಲಿಲ್ಲ. ನಾಲ್ಕು ದಿನದ ಕೆಲಸ."

"ಇಪ್ಪತ್ತೈದು ದಿನ ಬಂದ್ರಿ!"

"ಹೂಂ."

"ಯಾಕೆ?"

ಅವನು ತನ್ನ ಬೇರೆಬೇರೆ ಬಣ್ಣದ ಗುಂಡಿಗಳನ್ನು ನೋಡಿಕೊಂಡ. "ನಿಜ ಹೇಳಿದ್ರೆ ಐದನೇ ದಿನದಿಂದ ಬರೋಕೆ ನೆಪ ಇರ್ತಿರಲಿಲ್ಲ."

ಒಳಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಚಿಕ್ಕಮ್ಮ ಕಿವಿಗೊಟ್ಟಿದ್ದಾಳೆಂದು ಇಬ್ಬರಿಗೂ ಗೊತ್ತಿತ್ತು.

 ಬಾಬಿನ್‌ಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ, ಎಷ್ಟೋ ದಿನದಿಂದ ಮುಚ್ಚಿದ್ದ ಕೋಣೆಯ ಬಾಗಿಲು ತೆರೆದ ಹಾಗೆ ಏನೋ ಹಗುರವಾಯಿತು. ಇವನು ಬಂದದ್ದು ಕೋಡಿಗಾಗಿ ಅಲ್ಲ. ತಾನು ಕಾದದ್ದೂ ಬಾಣಕ್ಕಾಗಿ ಅಲ್ಲ.

"ಹೊಸ ನೋ-ಕೋಡ್ ಟೂಲಿಗೇ ಹೋಗೋಣ," ಎಂದಳು ಕೊನೆಗೆ. "ನಾನೇ ಕಟ್ತೀನಿ. ಡಬ್ಬಿ ನಾನೇ ಎಳೀತೀನಿ. ಕಟ್ಟಿ ಮುಗಿಯೋವರೆಗೆ ನಿಮ್ಮ ಕೋಡ್ ಓಡಲಿ."

"ನನ್ನ ಸ್ವಂತ ಮನೇಲಿ ನೀವು ಬಾಡಿಗೆಗೆ!"

"ಹೂಂ. ಆಮೇಲೆ ಖಾಲಿ ಮಾಡ್ತೀನಿ."

"ಅಕ್ಕನ ಮಾತುಗಳು ಎಲ್ಲಾ ಇವೆ." ಅವನು ಚೀಲ ತಟ್ಟಿದ. "ಇನ್ನೂರ ಹನ್ನೆರಡು. ಒಂದೂ ಬಿಟ್ಟಿಲ್ಲ. ಬೆಳಗ್ಗೆ ಏಳಕ್ಕೆ ಮತ್ತೆ ಹಾಕೋಣ್ವಾ?"

ಅವಳು ಬಾಯಿ ತೆರೆದಳು. ಹೂಂ ಎನ್ನಲೆಂದೇ ತೆರೆದದ್ದು. ಹೂಂ ಎಂದರೆ ನಾಳೆಯೂ ಅಕ್ಕ ಎಬ್ಬಿಸುತ್ತಾಳೆ, ನಾಡಿದ್ದೂ... ಮುದುಕಿಯಾದ ಮೇಲೂ, ನಾಲ್ಕು ವರ್ಷದ ಹಿಂದಿನ ಅದೇ ಇನ್ನೂರ ಹನ್ನೆರಡು ಮಾತಲ್ಲಿ.

"ಬೇಡ," ಎಂದಳು.  "ಕಾಗದದಲ್ಲಿ ತೆಗೆದುಕೊಡಿ, ಇಟ್ಕೋತೀನಿ. ಗಿರಾಕಿಗಳಿಗೆ ಇನ್ಮೇಲೆ ನಾನೇ ಬರೀತೀನಿ. ಅಕ್ಕನಷ್ಟು ಚೆನ್ನಾಗಿ ಬೈಯೋಕೆ ಬರಲ್ಲ. ಕಲೀತೀನಿ."

ಆರು ಗಂಟೆಗೆ ಪರದೆ ತಾನಾಗಿಯೇ ಬಿಳಿಯಾಯಿತು. ಡಬ್ಬಿಗಳು, ಗೆರೆಗಳು, ದುಂಡು ಫೋಟೋ, ಏನೂ ಇಲ್ಲ. ಮೂವರೂ ನೋಡುತ್ತಾ ನಿಂತಿದ್ದರು. ಚಿಕ್ಕಮ್ಮ ಮೊದಲು ಮೂಗು ಒರೆಸಿಕೊಂಡಳು.

"ಇನ್ನೇನು ಅದರ ಮುಂದೆ ನಿಂತಿದ್ದೀರಿ? ಹೋಗಿ ಇಬ್ಬರೂ. ನಂಗೆ ಕಸ ಗುಡಿಸಬೇಕು."

ಬೀದಿಗೆ ಇಳಿದಾಗ ಬಾಬಿನ್‌ಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸೂಜಿ ಇಲ್ಲದ ಕೈ! ಕೆರೆಯ ಕಡೆ ಹೋಗುವ ದಾರಿಯಲ್ಲಿ ಬೆಳಕು ಇನ್ನೂ ಇತ್ತು. ಬೇಕರಿಯವನು ತಟ್ಟೆಗಳನ್ನು ಒಳಗೆ ಇಡುತ್ತಿದ್ದ, ಯಾರೋ ಬಾಗಿಲ ಮುಂದೆ ನೀರು ಹಾಕುತ್ತಿದ್ದರು. 

ಇದ್ದಕ್ಕಿದ್ದಂತೆ ಅವಳು ನಕ್ಕಳು.

"ಏನಾಯ್ತು?"

"ಒಂದು ಗೊತ್ತಾ? ದಿನಾ ಏಳಕ್ಕೆ ನನ್ನನ್ನ ಎಬ್ಬಿಸ್ತಿದ್ದಳಲ್ಲ... ಬದುಕಿದ್ದಾಗ ಅವಳು ಒಂದು ದಿನವೂ ಒಂಬತ್ತಕ್ಕೆ ಮೊದಲು ಎದ್ದವಳಲ್ಲ. ಅದಕ್ಕೇ ಆ ಡಬ್ಬಿ ಮಾಡಿದ್ದು. ನಂಗೆ ಅವಳು ಬೈತಿದ್ದಾಗೆಲ್ಲ ಪಕ್ಕದ ಹಾಸಿಗೇಲಿ ಗೊರಕೆ ಹೊಡೀತಿದ್ದಳು!"

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು, ನಗುತ್ತಲೇ ಅತ್ತಳು. ಅವನ ಕೈ ಬಂದು ಅವಳ ಕೈಯ ಪಕ್ಕ ನಿಂತಿತು. ಅವಳೇ ಹಿಡಿದಳು.

"ಇನ್ನೂ ಹೇಳಿ ಅವರ ಬಗ್ಗೆ," ಎಂದ.

"ತುಂಬಾ ಇದೆ. ಕೆರೆ ಒಂದು ಸುತ್ತು ಹಾಕಿದರೂ ಮುಗಿಯಲ್ಲ."

"ಎರಡು ಸುತ್ತು ಹಾಕೋಣ."

"ಕಾಲು ನೋಯುತ್ತೆ ನಿಮಗೆ."

"ನೋಯಲಿ ಬಿಡಿ. ಶುರು ಮಾಡಿ."